ಕೈಗೆ ಬಂದ ಆಬ್ಜೆಕ್ಟ್ ಬೈಟ್ ಅರೇ ಹೌದೋ ಅಲ್ಲವೋ

ಜಾವಾದಲ್ಲಿ ಬರೆದ ಒಂದು ಮೆಥಡ್‌ಗೆ ಯಾವ ವಸ್ತುವನ್ನಾದರೂ ಹಿಡಿಯುವ ‘ಆಬ್ಜೆಕ್ಟ್’ ಎಂಬ ಟೈಪಿನಲ್ಲಿ ಏನೋ ಒಂದು ಬಂದು ಸೇರುತ್ತದೆ; ಅದು ಬೈಟ್ ಅರೇ, ಅಂದರೆ ಬೈಟ್‌ಗಳ ಸಾಲು, ಆಗಿದ್ದರೆ ಒಂದು ದಾರಿ, ಅಲ್ಲವಾದರೆ ಇನ್ನೊಂದು ದಾರಿ ಹಿಡಿಯಬೇಕು. ಪ್ರಶ್ನೆ ಇಷ್ಟೇ, ಉತ್ತರವೂ ಒಂದೇ ಸಾಲಿನದು. ಆದರೆ ಆ ಒಂದು ಸಾಲು ಏಕೆ ಸರಿ, ಅದರ ಬದಲು ಜನ ಬರೆಯುವ ಬೇರೆ ಸಾಲುಗಳು ಎಲ್ಲಿ ಎಡವುತ್ತವೆ, ಮತ್ತು ಪ್ರೋಗ್ರಾಮಿನ ಯಾವ ಜಾಗದಲ್ಲಿ ಆ ಸಾಲು ಇರಬೇಕು ಎಂಬ ವಿಚಾರ ಮಾತ್ರ ಅಷ್ಟು ಚಿಕ್ಕದಲ್ಲ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನಗೆ ಈ ವಿಷಯ ಎದುರಾದದ್ದು ಮಳೆಯ ಲೆಕ್ಕದಿಂದ. ನಾಪೋಕ್ಲಿನಿಂದ ಭಾಗಮಂಡಲದವರೆಗಿನ ನಮ್ಮ ಕಡೆಯ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಅಳೆದು ಬರೆದಿಡುವುದು ಹಳೆಯ ರೂಢಿ. ಲೆಕ್ಕ ಈಗಲೂ ಇಂಚು ಮತ್ತು ಸೆಂಟ್ಸ್‌ನಲ್ಲಿಯೇ ನಡೆಯುತ್ತದೆ. ಒಂದು ಇಂಚಿಗೆ 100 ಸೆಂಟ್ಸ್. ಬೇಸಿಗೆಯ ಹೂಮಳೆ ಅರವತ್ತು ಸೆಂಟ್ಸ್ ಬಂತೋ ನೂರು ಸೆಂಟ್ಸ್ ಬಂತೋ ಎಂಬುದರ ಮೇಲೆ ರೊಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದರಿಂದ ಈ ಅಂಕಿ ಬರೀ ಡೈರಿಯ ಅಂಕಿಯಲ್ಲ. ಅಕ್ಕಪಕ್ಕದ ಕೆಲವು ತೋಟಗಳವರು ಈಗ ತಾನಾಗಿಯೇ ಅಳೆದು ಕಳುಹಿಸುವ ಮಳೆಮಾಪಕಗಳನ್ನು ಹಾಕಿಸಿಕೊಂಡಿದ್ದಾರೆ, ಅವುಗಳ ಮಾಹಿತಿಯನ್ನು ಒಂದೆಡೆ ಸೇರಿಸುವ ಪ್ರೋಗ್ರಾಮನ್ನು ನಾನು ನೋಡಿಕೊಳ್ಳುತ್ತೇನೆ. ಇಂಟರ್ನೆಟ್ ಇರುವ ತೋಟದ ಮಾಪಕ ಕೆಲವೇ ಬೈಟ್‌ಗಳ ಪ್ಯಾಕೆಟ್ ಕಳುಹಿಸುತ್ತದೆ. ಬೆಟ್ಟದ ಮರೆಯಲ್ಲಿ ಡೇಟಾ ಸಿಗ್ನಲ್ ಸಿಗದ ತೋಟದ ಮಾಪಕ ಎಸ್‌ಎಂಎಸ್ ಕಳುಹಿಸುತ್ತದೆ, ಅದು ನಮ್ಮಲ್ಲಿಗೆ ಸ್ಟ್ರಿಂಗ್ ಆಗಿ ಬರುತ್ತದೆ. ಹಳೆಯ ದಾಖಲೆಗಳನ್ನು ಮತ್ತೆ ಓದುವಾಗ ಡೇಟಾಬೇಸ್‌ನ ಡ್ರೈವರ್ ‘ಆಬ್ಜೆಕ್ಟ್’ ಎಂದಷ್ಟೇ ಹೇಳಿ ಏನನ್ನೋ ಕೊಡುತ್ತದೆ. ಈ ಮೂರೂ ಒಂದೇ ಸರದಿಯಲ್ಲಿ ಬಂದು ನಿಲ್ಲುವುದರಿಂದ ಆ ಸರದಿಯ ಟೈಪು ‘ಆಬ್ಜೆಕ್ಟ್’ ಆಗಿರದೆ ಬೇರೆ ಗತಿ ಇರಲಿಲ್ಲ.

ಉತ್ತರದ ಸಾಲು ಇದು: ‘ವಸ್ತು ಇನ್‌ಸ್ಟನ್ಸ್‌ಆಫ್ ಬೈಟ್[]’. ವಸ್ತು ಆ ಟೈಪಿನದೇ ಎಂದು ಇದು ಕೇಳುತ್ತದೆ; ಹೌದಾದರೆ ಟ್ರೂ, ಇಲ್ಲದಿದ್ದರೆ ಫಾಲ್ಸ್. ಬೈಟ್ ಎಂಬುದು ಜಾವಾದಲ್ಲಿ ಪ್ರಿಮಿಟಿವ್ ಟೈಪ್ (ಆಬ್ಜೆಕ್ಟ್ ಅಲ್ಲದ ಬರೀ ಬೆಲೆ) ಆದ್ದರಿಂದ ಅದರ ಪಕ್ಕ ಇನ್‌ಸ್ಟನ್ಸ್‌ಆಫ್ ಬರೆಯಲು ಬಾರದೇನೋ ಎಂಬ ಸಂಕೋಚ ಹೊಸಬರಲ್ಲಿ ಸಾಮಾನ್ಯ. ಆದರೆ ಬೈಟ್ ಬೇರೆ, ಬೈಟ್‌ಗಳ ಅರೇ ಬೇರೆ. ಜಾವಾದಲ್ಲಿ ಯಾವುದೇ ಅರೇ, ಅದರೊಳಗೆ ಪ್ರಿಮಿಟಿವ್‌ಗಳೇ ತುಂಬಿದ್ದರೂ, ತಾನು ಒಂದು ಆಬ್ಜೆಕ್ಟ್. ಅದಕ್ಕೆ ತನ್ನದೇ ಒಂದು ಕ್ಲಾಸ್ ಇದೆ, ಆ ಕ್ಲಾಸಿಗೆ ಒಂದು ಹೆಸರೂ ಇದೆ. ಆ ಹೆಸರನ್ನು ನಾವೆಲ್ಲ ಲಾಗ್‌ನಲ್ಲಿ ಕಂಡೇ ಕಂಡಿರುತ್ತೇವೆ. ಬೈಟ್ ಅರೇಯನ್ನು ನೇರವಾಗಿ ಪ್ರಿಂಟ್ ಮಾಡಿದರೆ ಒಳಗಿನ ಅಂಕಿಗಳ ಬದಲು ಒಂದು ಎಡ ಚೌಕ ಆವರಣ, ಅದರ ಮಗ್ಗುಲಲ್ಲಿ ‘ಬಿ’ ಅಕ್ಷರ, ಆಮೇಲೆ ‘ಅಟ್’ ಚಿಹ್ನೆ, ಕೊನೆಗೆ ಅರ್ಥವಾಗದ ಕೆಲವು ಅಂಕಿ–ಅಕ್ಷರಗಳು ಬರುತ್ತವೆಯಲ್ಲ, ಅದರಲ್ಲಿ ಆವರಣ ಮತ್ತು ‘ಬಿ’ ಸೇರಿದ ಮೊದಲ ಭಾಗವೇ ಕ್ಲಾಸಿನ ಹೆಸರು. ಆವರಣ ಎಂದರೆ ಒಂದು ಆಯಾಮದ ಅರೇ, ‘ಬಿ’ ಎಂದರೆ ಬೈಟ್. ‘ಅಟ್’ ಚಿಹ್ನೆಯ ಮುಂದಿನದು ಹ್ಯಾಶ್ ಕೋಡ್. ಅರೇಯ ಒಳಗೆ ಏನಿದೆ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಬೂಲಿಯನ್ ಕೂಡ ಇಂಗ್ಲಿಷಿನ ‘ಬಿ’ಯಿಂದಲೇ ಶುರುವಾದರೂ ಆ ಅಕ್ಷರವನ್ನು ಬೈಟ್ ಹಿಡಿದುಕೊಂಡ ಕಾರಣ ಅದರ ಪಾಲಿಗೆ ‘ಝಡ್’ ಬಂದಿದೆ. ಕ್ಲಾಸಿನ ಹೆಸರುಗಳ ಮುಂದೆ ‘ಎಲ್’ ಹಾಕುವ ಪದ್ಧತಿ ಇರುವುದರಿಂದ ಲಾಂಗ್ ಪಾಲಿಗೆ ‘ಜೆ’.

ಹೆಸರು ಹೀಗೆ ಸ್ಪಷ್ಟವಾಗಿ ಕಾಣುವುದರಿಂದಲೇ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಕ್ಲಾಸಿನ ಹೆಸರನ್ನು ಸ್ಟ್ರಿಂಗ್ ಆಗಿ ಪಡೆದು, ಅದು ಆವರಣ ಮತ್ತು ‘ಬಿ’ಗೆ ಸಮವೇ ಎಂದು ನೋಡುತ್ತಾರೆ, ಇನ್ನೂ ಮುಂದೆ ಹೋದವರು ‘ಟುಸ್ಟ್ರಿಂಗ್’ ಕೊಟ್ಟ ಪಠ್ಯ ಆ ಎರಡು ಚಿಹ್ನೆಗಳಿಂದ ಶುರುವಾಗುತ್ತದೆಯೇ ಎಂದು ನೋಡುತ್ತಾರೆ. ಮೊದಲನೆಯದು ಕೆಲಸವನ್ನೇನೋ ಮಾಡುತ್ತದೆ, ಆದರೆ ಓದುವವರಿಗೆ ಒಗಟು. ಎರಡನೆಯದು ಅಪಾಯ. ಎಸ್‌ಎಂಎಸ್‌ನಲ್ಲಿ ಬಂದ ಪಠ್ಯವೇ ಆ ಎರಡು ಚಿಹ್ನೆಗಳಿಂದ ಶುರುವಾದರೆ ಸ್ಟ್ರಿಂಗ್ ಒಂದು ಬೈಟ್ ಅರೇಯ ವೇಷದಲ್ಲಿ ಒಳಗೆ ನುಗ್ಗುತ್ತದೆ, ಮುಂದಿನ ಸಾಲಿನ ಕಾಸ್ಟ್‌ನಲ್ಲಿ, ಅಂದರೆ ಇದನ್ನು ಬೈಟ್ ಅರೇ ಎಂದೇ ಹಿಡಿ ಎಂದು ಹೇಳುವಲ್ಲಿ, ಪ್ರೋಗ್ರಾಂ ಬೀಳುತ್ತದೆ. ಕಂಪೈಲರ್‌ಗೆ ಗೊತ್ತಿರುವ ಸಂಗತಿಯನ್ನು ಸ್ಟ್ರಿಂಗ್ ಹೋಲಿಕೆಯಿಂದ ಕಂಡುಹಿಡಿಯುವ ಅಭ್ಯಾಸ ಎಲ್ಲೇ ಕಂಡರೂ ನಾನು ಅದನ್ನು ತೆಗೆದುಹಾಕಿಸುತ್ತೇನೆ. ಇನ್‌ಸ್ಟನ್ಸ್‌ಆಫ್‌ನ ಒಂದು ಲಾಭವೇ ಅದು: ಸ್ಟ್ರಿಂಗ್ ಎಂದು ಘೋಷಿಸಿದ ವೇರಿಯಬಲ್ ಅನ್ನು ಬೈಟ್ ಅರೇ ಹೌದೇ ಎಂದು ಕೇಳಿದರೆ, ಅದು ಎಂದಿಗೂ ಆಗದ ಮಾತು ಎಂದು ಕಂಪೈಲರ್ ಅಲ್ಲಿಯೇ ತಡೆಯುತ್ತದೆ.

ಇನ್ನೊಂದು ದಾರಿ, ವಸ್ತುವಿನ ಕ್ಲಾಸನ್ನು ‘ಗೆಟ್‌ಕ್ಲಾಸ್’ ಮೂಲಕ ಪಡೆದು ಅದನ್ನು ಬೈಟ್ ಅರೇಯ ಕ್ಲಾಸಿನೊಡನೆ ಎರಡು ಸಮಚಿಹ್ನೆ ಹಾಕಿ ಹೋಲಿಸುವುದು. ಸಾಮಾನ್ಯ ಕ್ಲಾಸ್‌ಗಳ ವಿಷಯದಲ್ಲಿ ಇನ್‌ಸ್ಟನ್ಸ್‌ಆಫ್‌ಗೂ ಈ ಹೋಲಿಕೆಗೂ ದೊಡ್ಡ ವ್ಯತ್ಯಾಸವಿದೆ, ಏಕೆಂದರೆ ಮೊದಲನೆಯದು ಸಬ್‌ಕ್ಲಾಸ್‌ಗಳನ್ನೂ ಒಪ್ಪುತ್ತದೆ, ಎರಡನೆಯದು ಒಪ್ಪುವುದಿಲ್ಲ. ಬೈಟ್ ಅರೇಗೆ ಸಬ್‌ಕ್ಲಾಸ್ ಎಂಬುದೇ ಇಲ್ಲ. ಹಾಗಾಗಿ ಇಲ್ಲಿ ಎರಡೂ ಒಂದೇ ಉತ್ತರ ಕೊಡುತ್ತವೆ. ಉಳಿಯುವ ಒಂದೇ ವ್ಯತ್ಯಾಸ ನಲ್, ಅಂದರೆ ಯಾವ ವಸ್ತುವೂ ಇಲ್ಲದ ಖಾಲಿ ಬೆಲೆ. ಇನ್‌ಸ್ಟನ್ಸ್‌ಆಫ್‌ಗೆ ನಲ್ ಸಿಕ್ಕರೆ ಅದು ಸುಮ್ಮನೆ ಫಾಲ್ಸ್ ಎನ್ನುತ್ತದೆ. ನಲ್ ಮೇಲೆ ಗೆಟ್‌ಕ್ಲಾಸ್ ಕರೆದರೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ದೋಷ ಏಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಮಾಪಕದಿಂದ ಏನೂ ಬಾರದೆ ಡೇಟಾಬೇಸ್‌ನ ಆ ಕಾಲಂ ಖಾಲಿ ಉಳಿದ ದಿನಗಳು ನಮ್ಮಲ್ಲಿ ಸಾಕಷ್ಟಿರುವುದರಿಂದ ಈ ವ್ಯತ್ಯಾಸ ನಮಗೆ ಪುಸ್ತಕದ ಮಾತಲ್ಲ.

ಬೈಟ್ ಅರೇಯ ಕ್ಲಾಸ್ ಇಡೀ ಜಾವಾ ವರ್ಚುವಲ್ ಮಷೀನ್‌ಗೆ ಒಂದೇ ಎಂಬುದೂ ಇಲ್ಲಿ ನೆನಪಿಡಬೇಕಾದ ಸಂಗತಿ. ನಾವು ಬರೆದ ಕ್ಲಾಸನ್ನು ಎರಡು ಬೇರೆ ಕ್ಲಾಸ್ ಲೋಡರ್‌ಗಳು ತಂದರೆ ಹೆಸರು ಒಂದೇ ಇದ್ದರೂ ಅವು ಎರಡು ಕ್ಲಾಸ್‌ಗಳಾಗುತ್ತವೆ, ಒಂದರ ವಸ್ತು ಇನ್ನೊಂದರ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಸರ್ವರ್‌ಗಳಲ್ಲಿ ಕೆಲಸ ಮಾಡಿದವರಿಗೆ ಈ ತಲೆನೋವು ಗೊತ್ತು. ಪ್ರಿಮಿಟಿವ್ ಅರೇಗಳಿಗೆ ಆ ಗೊಡವೆ ಇಲ್ಲ. ಎಲ್ಲಿಂದ ಬಂದ ಬೈಟ್ ಅರೇಯೂ ಬೈಟ್ ಅರೇಯೇ.

ಯಾವ ಬಗೆಯ ಅರೇ ಬರಬಹುದು ಎಂಬುದು ಮೊದಲೇ ಗೊತ್ತಿಲ್ಲದೆ ಎಲ್ಲ ಅರೇಗಳನ್ನೂ ನಿಭಾಯಿಸಬೇಕಾದ ಸಂದರ್ಭ ಬೇರೆ. ಆಗ ಕ್ಲಾಸನ್ನು ‘ಈಸ್‌ಅರೇ’ ಎಂದು ಕೇಳಿ, ಹೌದಾದರೆ ‘ಗೆಟ್‌ಕಾಂಪೊನೆಂಟ್‌ಟೈಪ್’ ಎಂದು ಕೇಳಿ, ಸಿಕ್ಕಿದ್ದು ಪ್ರಿಮಿಟಿವ್ ಬೈಟ್ ಹೌದೇ ಎಂದು ನೋಡಬಹುದು. ಎರಡು ಆಯಾಮದ ಬೈಟ್ ಅರೇಯನ್ನು ಹೀಗೆ ಕೇಳಿದರೆ ಅದರ ಕಾಂಪೊನೆಂಟ್ ಬೈಟ್ ಅಲ್ಲ, ಬೈಟ್ ಅರೇ. ಏಕೆಂದರೆ ಜಾವಾದಲ್ಲಿ ಎರಡು ಆಯಾಮದ ಅರೇ ಎಂದರೆ ಅರೇಗಳ ಅರೇ. ಇದರಿಂದ ಹುಟ್ಟುವ ಒಂದು ವಿಚಿತ್ರ ನೋಡಿ: ಬೈಟ್ ಅರೇಯನ್ನು ‘ಆಬ್ಜೆಕ್ಟ್[]’ ಹೌದೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ, ಎರಡು ಆಯಾಮದ ಬೈಟ್ ಅರೇಯನ್ನು ಕೇಳಿದರೆ ಹೌದು ಎನ್ನುತ್ತದೆ. ಒಳಗಿರುವ ಒಂದೊಂದು ಅರೇಯೂ ಆಬ್ಜೆಕ್ಟ್ ಆಗಿರುವುದೇ ಅದಕ್ಕೆ ಕಾರಣ. ಅರೇ ಬಂದರೆ ‘ಆಬ್ಜೆಕ್ಟ್[]’ಗೆ ಕಾಸ್ಟ್ ಮಾಡಿಕೊಂಡು ಸುತ್ತು ಹಾಕೋಣ ಎಂದು ಬರೆದ ಕೋಡು ಪ್ರಿಮಿಟಿವ್ ಅರೇ ಬಂದ ದಿನ ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್ ಎಸೆಯುವುದು ಈ ಕಾರಣಕ್ಕೇ.

ಈಗ ಹೆಚ್ಚು ಗೊಂದಲ ಹುಟ್ಟಿಸುವ ಮಾತಿಗೆ ಬರೋಣ. ಜಾವಾದಲ್ಲಿ ಎರಡು ಬೈಟ್‌ಗಳಿವೆ. ಒಂದು, ಸಣ್ಣ ಅಕ್ಷರದಿಂದ ಶುರುವಾಗುವ ಪ್ರಿಮಿಟಿವ್. ಇನ್ನೊಂದು, ದೊಡ್ಡ ಅಕ್ಷರದ, ಅದೇ ಬೆಲೆಯನ್ನು ಒಳಗಿಟ್ಟುಕೊಂಡ ಆಬ್ಜೆಕ್ಟ್. ಕನ್ನಡದಲ್ಲಿ ಸಣ್ಣ–ದೊಡ್ಡ ಅಕ್ಷರಗಳ ಭೇದವಿಲ್ಲದ್ದರಿಂದ ಎರಡನೆಯದನ್ನು ಇಲ್ಲಿ ಪೆಟ್ಟಿಗೆ ಬೈಟ್ ಎನ್ನುತ್ತೇನೆ. ಪೆಟ್ಟಿಗೆ ಬೈಟ್‌ಗಳ ಅರೇ ನಮ್ಮ ಒಂದು ಸಾಲಿನ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ, ಆಗಲೂಬಾರದು, ಏಕೆಂದರೆ ಮೆಮೊರಿಯಲ್ಲಿ ಅವುಗಳ ರೂಪವೇ ಬೇರೆ. ಮೊದಲನೆಯದರಲ್ಲಿ ಅಂಕಿಗಳು ಒತ್ತೊತ್ತಾಗಿ, ಒಂದಕ್ಕೆ ಒಂದು ಬೈಟಿನಂತೆ ಕುಳಿತಿರುತ್ತವೆ. ಎರಡನೆಯದರಲ್ಲಿ ಪ್ರತಿ ಸ್ಥಾನದಲ್ಲೂ ಎಲ್ಲಿಯೋ ಇರುವ ಆಬ್ಜೆಕ್ಟ್‌ಗೆ ಒಂದು ರೆಫರೆನ್ಸ್ ಇರುತ್ತದೆ, ಅದು ನಲ್ ಕೂಡ ಆಗಿರಬಹುದು. ಕೈಯಾರೆ ಯಾರೂ ಪೆಟ್ಟಿಗೆ ಬೈಟ್‌ಗಳ ಅರೇ ಕಟ್ಟುವುದಿಲ್ಲ. ಬೈಟ್‌ಗಳ ಲಿಸ್ಟ್ ಒಂದನ್ನು ಪೆಟ್ಟಿಗೆ ಬೈಟ್ ಅರೇ ಬೇಕೆಂದು ಹೇಳಿ ‘ಟುಅರೇ’ ಮಾಡಿದಾಗ ಅದು ಹುಟ್ಟಿಕೊಳ್ಳುತ್ತದೆ, ಮತ್ತು ಆ ಲಿಸ್ಟ್ ಹುಟ್ಟುವುದು ಒಂದೊಂದೇ ಬೈಟನ್ನು ಸೇರಿಸುತ್ತ ಹೋಗುವ ಸೀರಿಯಲ್ ಪೋರ್ಟ್‌ನ ಕೋಡಿನಲ್ಲಿ. ಬರಬಹುದು ಎಂಬ ಸಂಶಯವಿದ್ದರೆ ಅದಕ್ಕೆ ಇನ್ನೊಂದು ಪರೀಕ್ಷೆ ಬರೆದು, ಒಂದೊಂದಾಗಿ ಬಿಚ್ಚಿ ಪ್ರಿಮಿಟಿವ್ ಅರೇಗೆ ತುಂಬಬೇಕು. ಈ ಕೆಲಸಕ್ಕೆ ಜಾವಾದಲ್ಲಿ ಸಿದ್ಧ ಮೆಥಡ್ ಇಲ್ಲ. ಸುತ್ತು ಹಾಕಿಯೇ ಮಾಡಬೇಕು.

ಇವೆರಡರ ಭೇದ ಇನ್ನೊಂದು ಕಡೆಯೂ ತಲೆ ಹಾಕುತ್ತದೆ. ‘ಅರೇಸ್’ ಕ್ಲಾಸಿನ ‘ಆ್ಯಸ್‌ಲಿಸ್ಟ್’ಗೆ ಹತ್ತು ಪೆಟ್ಟಿಗೆ ಬೈಟ್‌ಗಳ ಅರೇ ಕೊಟ್ಟರೆ ಹತ್ತು ಅಂಶಗಳ ಲಿಸ್ಟ್ ಸಿಗುತ್ತದೆ, ಹತ್ತು ಪ್ರಿಮಿಟಿವ್ ಬೈಟ್‌ಗಳ ಅರೇ ಕೊಟ್ಟರೆ ಒಂದೇ ಅಂಶದ ಲಿಸ್ಟ್, ಮತ್ತು ಆ ಒಂದು ಅಂಶ ಇಡೀ ಅರೇ. ಕಂಪೈಲರ್ ದೂರುವುದಿಲ್ಲ, ಪ್ರೋಗ್ರಾಂ ಬೀಳುವುದೂ ಇಲ್ಲ, ಲೆಕ್ಕ ಮಾತ್ರ ತಪ್ಪಾಗಿರುತ್ತದೆ.

ಅರೇ ಯಾವ ಟೈಪಿನದು ಎಂದು ಪ್ರೋಗ್ರಾಂ ಓಡುತ್ತಿರುವಾಗ ಕೇಳಲು ಸಾಧ್ಯವಾಗುವುದು ಏಕೆ, ಲಿಸ್ಟ್‌ನ ಬಗ್ಗೆ ಅದೇ ಪ್ರಶ್ನೆ ಏಕೆ ಕೇಳಲಾಗದು ಎಂಬುದನ್ನೂ ಹೇಳಿಬಿಡುತ್ತೇನೆ. ಅರೇ ತನ್ನ ಅಂಶಗಳ ಟೈಪನ್ನು ತನ್ನೊಡನೆಯೇ ಹೊತ್ತು ತಿರುಗುತ್ತದೆ. ಲಿಸ್ಟ್‌ನೊಳಗೆ ಯಾವ ಟೈಪಿನ ಅಂಶಗಳೆಂದು ಬರೆಯುವ ಸೌಲಭ್ಯವಾದ ಜೆನೆರಿಕ್ಸ್ 2004ರಲ್ಲಿ ಜಾವಾ 5ರೊಂದಿಗೆ ಬಂದಾಗ ಹಳೆಯ ಕೋಡಿನ ಹೊಂದಾಣಿಕೆಗಾಗಿ ಲಿಸ್ಟ್‌ನ ಒಳಗಿನ ಟೈಪನ್ನು ಕಂಪೈಲ್ ಹಂತದಲ್ಲಿಯೇ ಅಳಿಸಿಬಿಡುವ ತೀರ್ಮಾನವಾಯಿತು. ಆದ್ದರಿಂದ ಆಬ್ಜೆಕ್ಟ್ ಒಂದನ್ನು ‘ಲಿಸ್ಟ್ ಹೌದೇ’ ಎಂದು ಕೇಳಬಹುದು, ‘ಬೈಟ್‌ಗಳ ಲಿಸ್ಟ್ ಹೌದೇ’ ಎಂದು ಕೇಳಿದರೆ ಕಂಪೈಲರ್ ಒಪ್ಪುವುದಿಲ್ಲ.

ಪರೀಕ್ಷೆಯ ಮುಂದಿನ ಹೆಜ್ಜೆ ಕಾಸ್ಟ್. ಹಿಂದೆ ಇನ್‌ಸ್ಟನ್ಸ್‌ಆಫ್ ಒಂದು ಸಾಲು, ಕಾಸ್ಟ್ ಇನ್ನೊಂದು ಸಾಲು ಎಂದು ಬರೆಯುತ್ತಿದ್ದೆವು. 2021ರ ಜಾವಾ 16ರಿಂದ ಎರಡನ್ನೂ ಒಂದರಲ್ಲೇ ಸೇರಿಸಿ ‘ವಸ್ತು ಇನ್‌ಸ್ಟನ್ಸ್‌ಆಫ್ ಬೈಟ್[] ಪ್ಯಾಕೆಟ್’ ಎಂದು ಬರೆಯಬಹುದು. ಉತ್ತರ ಹೌದಾದ ಕಡೆ ‘ಪ್ಯಾಕೆಟ್’ ಎಂಬ ವೇರಿಯಬಲ್ ಬೈಟ್ ಅರೇಯಾಗಿಯೇ ಸಿಗುತ್ತದೆ. 2023ರ ಜಾವಾ 21ರಲ್ಲಿ ಸ್ವಿಚ್ ಒಳಗೂ ಇದು ಬಂತು. ಸ್ಟ್ರಿಂಗ್‌ಗೆ ಒಂದು ಕೇಸ್, ಬೈಟ್ ಅರೇಗೆ ಒಂದು ಕೇಸ್, ನಲ್‌ಗೂ ಒಂದು ಕೇಸ್. ನಲ್‌ಗೆ ಕೇಸ್ ಬರೆಯದಿದ್ದರೆ ಮಾತ್ರ ಸ್ವಿಚ್ ಹಳೆಯ ಸ್ವಭಾವದಂತೆ ಎಕ್ಸೆಪ್ಶನ್ ಎಸೆಯುತ್ತದೆ.

ಸ್ವಿಚ್‌ನ ಪರವಾಗಿ ಇನ್ನೊಂದು ಮಾತಿದೆ, ಅದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಜಾವಾದ ಪ್ರತಿ ಅರೇಯೂ ‘ಸೀರಿಯಲೈಸಬಲ್’ ಮತ್ತು ‘ಕ್ಲೋನಬಲ್’ ಎಂಬ ಎರಡು ಇಂಟರ್‌ಫೇಸ್‌ಗಳಿಗೆ ಸೇರಿದ್ದು. ಇಫ್–ಎಲ್ಸ್ ಸಾಲಿನಲ್ಲಿ ಮೇಲುಗಡೆ ಯಾರೋ ‘ಸೀರಿಯಲೈಸಬಲ್ ಹೌದೇ’ ಎಂಬ ಪರೀಕ್ಷೆ ಸೇರಿಸಿದರು ಎನ್ನಿ. ಬೈಟ್ ಅರೇ ಆ ಬಾಗಿಲಿನಲ್ಲಿಯೇ ಒಳಗೆ ಹೋಗಿಬಿಡುತ್ತದೆ, ಕೆಳಗಿನ ನಮ್ಮ ಪರೀಕ್ಷೆಯನ್ನು ಅದು ಮುಟ್ಟುವುದೇ ಇಲ್ಲ. ಇಫ್–ಎಲ್ಸ್‌ನಲ್ಲಿ ಇದನ್ನು ಯಾರೂ ಎಚ್ಚರಿಸುವುದಿಲ್ಲ. ಸ್ವಿಚ್‌ನಲ್ಲಾದರೆ, ಮೇಲಿನ ಕೇಸ್ ಕೆಳಗಿನದನ್ನು ನುಂಗುತ್ತದೆ ಎಂದು ಕಂಪೈಲರ್ ದೋಷ ತೋರಿಸುತ್ತದೆ.

ಬೈಟ್ ಅರೇ ಹೌದು ಎಂದು ತಿಳಿದ ಮೇಲೂ ಮೂರು ಕಡೆ ಹುಷಾರಾಗಿರಬೇಕು. ಮೊದಲನೆಯದು ಚಿಹ್ನೆ. ಜಾವಾದ ಬೈಟ್ ಋಣಸಂಖ್ಯೆಯನ್ನೂ ಹಿಡಿಯುತ್ತದೆ, ಅದರ ವ್ಯಾಪ್ತಿ −128ರಿಂದ 127. ನಮ್ಮ ಮಾಪಕ ಒಂದು ಗಂಟೆಯ ಮಳೆಯನ್ನು ಸೆಂಟ್ಸ್‌ನಲ್ಲಿ, ಒಂದೇ ಬೈಟಿನಲ್ಲಿ, 0ರಿಂದ 255ರವರೆಗಿನ ಅಂಕಿಯಾಗಿ ಕಳುಹಿಸುತ್ತದೆ. ಒಂದು ಇಂಚು ಬಿದ್ದರೆ 100 ಎಂದೇ ಓದುತ್ತೇವೆ, ತೊಂದರೆಯಿಲ್ಲ. ಆಟಿಯ ಮಳೆ ಹಿಡಿದು ಒಂದು ಗಂಟೆಯಲ್ಲಿ ಒಂದೂವರೆ ಇಂಚು ಸುರಿಯಿತೆನ್ನಿ. ಕಳುಹಿಸಿದ್ದು 150, ಜಾವಾ ಅದನ್ನು ನೇರವಾಗಿ ಓದಿದರೆ −106. ಆಕಾಶ ನೂರ ಆರು ಸೆಂಟ್ಸ್ ಮಳೆಯನ್ನು ವಾಪಸು ಪಡೆದಂತೆ ಗ್ರಾಫು ಕೆಳಕ್ಕೆ ಬೀಳುತ್ತದೆ. ಬೇಸಿಗೆಯಿಡೀ ಸರಿಯಾಗಿ ನಡೆದು, ಜೋರು ಮಳೆಯ ಗಂಟೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷ ಇದು; ನಮಗೆ ಅಂಕಿ ತುಂಬ ಬೇಕಾಗುವುದೂ ಅದೇ ಗಂಟೆಯಲ್ಲಿ. 255ರೊಡನೆ ಬಿಟ್‌ವೈಸ್ ಆ್ಯಂಡ್ ಮಾಡುವುದು ಹಳೆಯ ಪರಿಹಾರ. ಜಾವಾ 8ರಿಂದ ಅದನ್ನೇ ಮಾಡುವ ‘ಟುಅನ್‌ಸೈನ್ಡ್‌ಇಂಟ್’ ಎಂಬ ಮೆಥಡ್ ಪೆಟ್ಟಿಗೆ ಬೈಟ್‌ನ ಕ್ಲಾಸಿನಲ್ಲಿದೆ. ಎರಡನೆಯದನ್ನೇ ಬಳಸಿ ಎನ್ನುತ್ತೇನೆ, ಏಕೆಂದರೆ ಹೆಸರು ಓದಿದರೇ ಉದ್ದೇಶ ತಿಳಿಯುತ್ತದೆ.

ಎರಡನೆಯದು ಹೋಲಿಕೆ. ಜುಲೈಯಲ್ಲಿ ಭಾಗಮಂಡಲದ ಕಡೆ ನೆಟ್‌ವರ್ಕ್ ಹೋಗಿ ಬಂದಾಗ ಮಾಪಕ, ಹಿಂದಿನ ಪ್ಯಾಕೆಟ್ ಮುಟ್ಟಿತೋ ಇಲ್ಲವೋ ತಿಳಿಯದೆ, ಅದನ್ನೇ ಮತ್ತೆ ಕಳುಹಿಸುತ್ತದೆ. ಒಂದೇ ಗಂಟೆಯ ಮಳೆಯನ್ನು ಎರಡು ಸಲ ಕೂಡಿಸಬಾರದಾದ್ದರಿಂದ ಬಂದದ್ದು ಹಳೆಯದೇ ಎಂದು ನೋಡಬೇಕು. ಅರೇಗಳ ಮೇಲೆ ‘ಈಕ್ವಲ್ಸ್’ ಕರೆದರೆ ಅದು ಒಳಗಿನ ಬೈಟ್‌ಗಳನ್ನು ನೋಡುವುದೇ ಇಲ್ಲ; ಎರಡೂ ಮೆಮೊರಿಯಲ್ಲಿ ಒಂದೇ ವಸ್ತುವೇ ಎಂದು ಮಾತ್ರ ನೋಡುತ್ತದೆ. ‘ಅರೇಸ್’ ಕ್ಲಾಸಿನ ‘ಈಕ್ವಲ್ಸ್’ ಮಾತ್ರ ಒಂದೊಂದು ಬೈಟನ್ನೂ ಹೋಲಿಸುತ್ತದೆ. ಇದೇ ಕಾರಣಕ್ಕೆ ಬೈಟ್ ಅರೇಯನ್ನು ಹ್ಯಾಶ್‌ಮ್ಯಾಪ್‌ನ ಕೀ ಮಾಡಿದರೆ, ಅವೇ ಬೈಟ್‌ಗಳಿರುವ ಬೇರೆ ಅರೇಯಿಂದ ಹುಡುಕಿದಾಗ ಹಾಕಿದ್ದು ಮತ್ತೆ ಸಿಗುವುದಿಲ್ಲ. ನಮ್ಮಲ್ಲಿ ಪ್ಯಾಕೆಟ್ಟನ್ನು ‘ಬೈಟ್‌ಬಫರ್’ ಒಂದರಲ್ಲಿ ಸುತ್ತಿ ಅದನ್ನು ಕೀ ಮಾಡಿದ್ದೇವೆ. ಬೈಟ್‌ಬಫರ್‌ನ ಈಕ್ವಲ್ಸ್ ಮತ್ತು ಹ್ಯಾಶ್ ಕೋಡ್ ಉಳಿದಿರುವ ಬೈಟ್‌ಗಳನ್ನು ನೋಡಿಯೇ ಲೆಕ್ಕ ಹಾಕುತ್ತವೆ. ಒಳಗಿನ ಅರೇಯನ್ನು ಆಮೇಲೆ ಯಾರೂ ಮುಟ್ಟಬಾರದು ಎಂಬ ಷರತ್ತು ಇದ್ದೇ ಇದೆ.

ಮೂರನೆಯದು ಅಕ್ಷರ. ಕೆಲವು ಪ್ಯಾಕೆಟ್‌ಗಳಲ್ಲಿ ಊರಿನ ಹೆಸರು ಕನ್ನಡದಲ್ಲಿ, ಯುಟಿಎಫ್–8 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ) ಇರುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೆ ಅದರಲ್ಲಿ ಮೂರು ಬೈಟ್ ಬೇಕು. ‘ಕೊಡಗು’ ಎಂಬಲ್ಲಿ ಕ, ಒ ಸ್ವರದ ಚಿಹ್ನೆ, ಡ, ಗ, ಉ ಸ್ವರದ ಚಿಹ್ನೆ ಎಂದು ಐದು ಸಂಕೇತಗಳು, ಒಟ್ಟು 15 ಬೈಟ್. ಮೊದಲ ‘ಕ’ದ ಮೂರು ಬೈಟ್‌ಗಳು 224, 178, 149; ಜಾವಾ ತೋರಿಸುವುದು −32, −78, −107. ಲಾಗ್‌ನಲ್ಲಿ −32 ಮತ್ತೆ ಮತ್ತೆ, ಮೂರು ಮೂರು ಸ್ಥಾನಕ್ಕೊಮ್ಮೆ ಕಂಡರೆ ಅಲ್ಲಿ ಕನ್ನಡವೋ ಅದರ ನೆರೆಯ ಲಿಪಿಯೋ ಇದೆ ಎಂದು ಊಹಿಸಬಹುದು. ಇದನ್ನು ಸ್ಟ್ರಿಂಗ್ ಮಾಡುವಾಗ ಯಾವ ಎನ್‌ಕೋಡಿಂಗ್ ಎಂದು ಹೇಳದೆ ಬಿಟ್ಟರೆ ಜಾವಾ 17ರವರೆಗೆ ಆಯಾ ಕಂಪ್ಯೂಟರಿನ ರೂಢಿಯ ಎನ್‌ಕೋಡಿಂಗ್ ಬಳಕೆಯಾಗುತ್ತಿತ್ತು. 2022ರ ಜಾವಾ 18ರಿಂದ ರೂಢಿ ಯುಟಿಎಫ್–8 ಆಗಿದೆ. ಪಾಶ್ಚಾತ್ಯ ಎನ್‌ಕೋಡಿಂಗ್ ಇರುವ ಹಳೆಯ ವಿಂಡೋಸ್ ಯಂತ್ರದಲ್ಲಿ ಅದೇ ‘ಕ’ ಅಕ್ಷರ, ತಲೆಯ ಮೇಲೆ ಓರೆಗೀಟಿರುವ ಒಂದು ‘ಎ’, ಮೇಲೆ ಬರೆದ ಪುಟ್ಟ ಎರಡು, ಒಂದು ದಪ್ಪ ಚುಕ್ಕಿ ಎಂದು ಮೂರು ತುಂಡಾಗಿ ಕಾಣುತ್ತದೆ. ರೂಢಿ ಸುಧಾರಿಸಿದ್ದರೂ ಎನ್‌ಕೋಡಿಂಗ್‌ನ ಹೆಸರನ್ನು ಬಾಯಿಬಿಟ್ಟು ಹೇಳುವುದೇ ಲೇಸು.

ಬೇರೆ ಭಾಷೆಗಳವರಿಗೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಪೈಥಾನ್‌ನಲ್ಲಿ ‘ಬೈಟ್ಸ್’ ಮತ್ತು ‘ಬೈಟ್‌ಅರೇ’ ಎಂದು ಎರಡಿವೆ: ಮೊದಲನೆಯದನ್ನು ಬದಲಿಸಲಾಗದು, ಎರಡನೆಯದನ್ನು ಬದಲಿಸಬಹುದು, ಒಂದು ಇನ್ನೊಂದರ ಸಬ್‌ಕ್ಲಾಸ್ ಅಲ್ಲ. ಆದ್ದರಿಂದ ‘ಈಸ್‌ಇನ್‌ಸ್ಟನ್ಸ್’ಗೆ ಎರಡನ್ನೂ ಒಂದು ಟ್ಯೂಪಲ್‌ನಲ್ಲಿ ಕೊಡಬೇಕು, ನಕಲು ಮಾಡದೆ ಓದುವ ‘ಮೆಮೊರಿವ್ಯೂ’ ಬರುವುದಾದರೆ ಅದನ್ನೂ ಸೇರಿಸಬೇಕು. ಪೈಥಾನ್ 2ರಲ್ಲಿ ‘ಬೈಟ್ಸ್’ ಎಂಬುದು ಸ್ಟ್ರಿಂಗ್‌ನದೇ ಇನ್ನೊಂದು ಹೆಸರಾಗಿದ್ದುದರಿಂದ ಅಲ್ಲಿ ಈ ಪರೀಕ್ಷೆಗೆ ಅರ್ಥವೇ ಇರಲಿಲ್ಲ. 2008ರ ಕೊನೆಯಲ್ಲಿ ಬಂದ ಪೈಥಾನ್ 3 ಎರಡನ್ನೂ ಕಡಿದು ಬೇರ್ಪಡಿಸಿತು. ಸಿ ಶಾರ್ಪ್‌ನಲ್ಲಿ ‘ಈಸ್ ಬೈಟ್[]’ ಎಂದರೆ ಸಾಕು, ಆದರೆ ಅಲ್ಲೊಂದು ಚೋದ್ಯವಿದೆ: ಋಣಸಂಖ್ಯೆ ಹಿಡಿಯುವ ಎಸ್‌ಬೈಟ್‌ಗಳ ಅರೇಯನ್ನು ಆಬ್ಜೆಕ್ಟ್ ಮಾಡಿ ಬೈಟ್ ಅರೇ ಹೌದೇ ಎಂದು ಕೇಳಿದರೆ, ಒಳಗಿನ ರನ್‌ಟೈಮ್ ಎರಡನ್ನೂ ಹೊಂದುವ ಟೈಪುಗಳೆಂದು ಭಾವಿಸಿ ಹೌದು ಎನ್ನುತ್ತದೆ. ಅಲ್ಲಿ ಖಚಿತ ಉತ್ತರ ಬೇಕಾದರೆ ‘ಗೆಟ್‌ಟೈಪ್’ ಹೋಲಿಸಬೇಕು. ಗೋ ಭಾಷೆಯಲ್ಲಿ ಬೈಟ್‌ಗಳ ಸ್ಲೈಸ್ ಒಂದು, ನಿಗದಿತ ಉದ್ದದ ಅರೇ ಮತ್ತೊಂದು. ಆ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯ ‘ಸಮ್256’ ಕೊಡುವ ಶಾ–256 ಎಂಬ ಹ್ಯಾಶ್‌ನ ಫಲಿತಾಂಶ 32 ಬೈಟ್‌ಗಳ ಅರೇಯಾಗಿರುವುದರಿಂದ ಸ್ಲೈಸ್‌ನ ಪರೀಕ್ಷೆಯಲ್ಲಿ ಅದು ಪಾಸಾಗುವುದಿಲ್ಲ.

ಜಾವಾಸ್ಕ್ರಿಪ್ಟ್‌ನದು ಇದಕ್ಕೆ ತಿರುಗುಮುರುಗು. ಅಲ್ಲಿ ‘ಯುಇಂಟ್8ಅರೇ’ ಎಂಬುದು ಬೈಟ್ ಅರೇ. ‘ಅರೇ ಹೌದೇ’ ಎಂದು ‘ಈಸ್‌ಅರೇ’ ಮೂಲಕ ಕೇಳಿದರೆ ಅಲ್ಲ ಎನ್ನುತ್ತದೆ, ‘ಟೈಪ್‌ಆಫ್’ ಕೇಳಿದರೆ ಆಬ್ಜೆಕ್ಟ್ ಎಂದಷ್ಟೇ ಹೇಳುತ್ತದೆ. ಇನ್‌ಸ್ಟನ್ಸ್‌ಆಫ್ ಸರಿಯಾದ ದಾರಿ, ನೋಡ್‌ನ ‘ಬಫರ್’ ಕೂಡ ಯುಇಂಟ್8ಅರೇಯ ಸಬ್‌ಕ್ಲಾಸ್ ಆಗಿರುವುದರಿಂದ ಅದೂ ಪಾಸಾಗುತ್ತದೆ. ಆದರೆ ಬ್ರೌಸರಿನ ಒಂದೊಂದು ಐಫ್ರೇಮ್‌ಗೂ ತನ್ನದೇ ಆದ ಯುಇಂಟ್8ಅರೇ ಇರುತ್ತದೆ; ಆಚೆ ಫ್ರೇಮಿನಲ್ಲಿ ಹುಟ್ಟಿದ ಅರೇ ಈಚೆ ಫ್ರೇಮಿನ ಇನ್‌ಸ್ಟನ್ಸ್‌ಆಫ್‌ನಲ್ಲಿ ಬೀಳುತ್ತದೆ. ಮೇಲೆ ಹೇಳಿದ, ಜಾವಾದ ಬೈಟ್ ಅರೇ ಎಲ್ಲೆಡೆ ಒಂದೇ ಎಂಬ ಮಾತಿನ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಇಷ್ಟಾದ ಮೇಲೆ, ಪರೀಕ್ಷೆ ಎಲ್ಲಿರಬೇಕು ಎಂಬ ಪ್ರಶ್ನೆ. ರಜೆಯಲ್ಲಿ ನನ್ನ ಜೊತೆ ಕೂತು ಕೆಲಸ ಕಲಿಯುವ, ಪೊನ್ನಂಪೇಟೆ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಸರಾಸರಿ ತೆಗೆಯುವ ಮೆಥಡ್‌ನಲ್ಲೂ, ಗ್ರಾಫು ಬರೆಯುವ ಮೆಥಡ್‌ನಲ್ಲೂ ಇದೇ ಸಾಲನ್ನು ಸೇರಿಸುತ್ತಿದ್ದ. ಏಕೆಂದು ಕೇಳಿದೆ.

“ಎಲ್ಲ ಕಡೆ ಇದ್ದರೆ ಇನ್ನೂ ಭದ್ರ ಅಲ್ವಾ ಅಣ್ಣಾ? ಎಲ್ಲಿಂದ ಏನು ಬರುತ್ತೋ ಯಾರಿಗೆ ಗೊತ್ತು?”

“ಕಾಫಿ ಚೀಲದ ತೇವಾಂಶವನ್ನು ಗೋದಾಮಿನ ಬಾಗಿಲಲ್ಲಿ ನೋಡ್ತಾರೆ. ಒಳಗೆ ಅಟ್ಟಿ ಹಾಕಿದ ಮೇಲೆ ಪ್ರತಿ ಅಟ್ಟಿಯ ಹತ್ತಿರ ಮೀಟರ್ ಹಿಡ್ಕೊಂಡು ನಿಲ್ತಾರೇನಪ್ಪ?”

ಅವನು ನಕ್ಕು ಸಾಲುಗಳನ್ನು ಅಳಿಸಿದ. ಈಗ ಸರದಿಯಿಂದ ತೆಗೆಯುವ ಒಂದೇ ಮೆಥಡ್‌ನಲ್ಲಿ ಪರೀಕ್ಷೆ ಇದೆ. ಸ್ಟ್ರಿಂಗ್ ಬರಲಿ, ಬೈಟ್ ಅರೇ ಬರಲಿ, ಅಲ್ಲಿಂದ ಹೊರಬೀಳುವುದು ‘ಮಳೆ ದಾಖಲೆ’ ಎಂಬ ನಮ್ಮದೇ ರೆಕಾರ್ಡ್. ಅದರಾಚೆಗಿನ ಯಾವ ಮೆಥಡ್‌ನ ಸಹಿಯಲ್ಲೂ ಆಬ್ಜೆಕ್ಟ್ ಎಂಬ ಟೈಪು ಇಲ್ಲ. ಇನ್‌ಸ್ಟನ್ಸ್‌ಆಫ್ ಪ್ರೋಗ್ರಾಮಿನ ಹತ್ತು ಕಡೆ ಕಾಣುತ್ತಿದೆ ಎಂದರೆ ಟೈಪು ಎಲ್ಲಿಯೋ ಸೋರಿಹೋಗಿದೆ ಎಂದೇ ನಾನು ತಿಳಿಯುತ್ತೇನೆ.

ಆ ಒಂದು ಮೆಥಡ್‌ನಲ್ಲಿ ಬೈಟ್ ಅರೇ ಅಲ್ಲದಿದ್ದರೂ ಬೈಟ್‌ಗಳನ್ನು ಕೊಡಬಲ್ಲ ವಸ್ತುಗಳಿಗೂ ಜಾಗ ಇಡಬೇಕಾಯಿತು. ಜಾವಾ ಡೇಟಾಬೇಸ್‌ನೊಡನೆ ಮಾತಾಡುವ ಜೆಡಿಬಿಸಿ ಮೂಲಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ‘ಬೈಟೀಎ’ ಕಾಲಂ ಓದಿದರೆ ಬೈಟ್ ಅರೇಯೇ ಸಿಗುತ್ತದೆ. ಬೈಟ್‌ಗಳ ದೊಡ್ಡ ಗಂಟನ್ನು ಇಡುವ ಬ್ಲಾಬ್ ಕಾಲಂಗೆ ಕೆಲವು ಡ್ರೈವರ್‌ಗಳು ಬೈಟ್ ಅರೇ ಕೊಟ್ಟರೆ ಕೆಲವು ‘ಬ್ಲಾಬ್’ ಎಂಬ ಬೇರೆಯೇ ವಸ್ತುವನ್ನು ಕೊಡುತ್ತವೆ, ಅದರಿಂದ ‘ಗೆಟ್‌ಬೈಟ್ಸ್’ ಎಂದು ಕೇಳಿ ಪಡೆಯಬೇಕು, ಅಲ್ಲಿ ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ ಶುರು. ಬೈಟ್‌ಬಫರ್ ಬಂದರೆ ಅದರ ‘ಅರೇ’ ಮೆಥಡ್ ಕರೆಯುವ ಆಸೆ ಸಹಜ, ಆದರೆ ಅದು ಕೊಡುವುದು ಹಿಂದಿರುವ ಇಡೀ ಅರೇಯನ್ನು; ಓದಬೇಕಾದದ್ದು ನಡುವಿನ ಆರು ಬೈಟ್ ಆಗಿದ್ದರೂ ಸಾವಿರ ಬೈಟಿನ ಅರೇ ಕೈಗೆ ಬರಬಹುದು, ಬಫರ್ ನೇರ ಮೆಮೊರಿಯದಾಗಿದ್ದರೆ ಹಿಂದೆ ಅರೇ ಇಲ್ಲದೆ ಎಕ್ಸೆಪ್ಶನ್ ಬರಬಹುದು. ‘ರಿಮೈನಿಂಗ್’ ಎಷ್ಟಿದೆಯೋ ಅಷ್ಟು ಉದ್ದದ ಹೊಸ ಅರೇ ಮಾಡಿ, ಅದಕ್ಕೆ ‘ಗೆಟ್’ ಮೂಲಕ ತುಂಬಿಕೊಳ್ಳುವುದು ಸುರಕ್ಷಿತ.

ಇವು ಯಾವುದೂ ಅಲ್ಲದ್ದು ಬಂದರೆ ತಳ್ಳಿಹಾಕಿ ಲಾಗ್ ಬರೆಯುತ್ತೇವೆ. ಲಾಗ್‌ನಲ್ಲಿ ಕ್ಲಾಸಿನ ‘ಗೆಟ್‌ನೇಮ್’ ಬದಲು ‘ಗೆಟ್‌ಟೈಪ್‌ನೇಮ್’ ಹಾಕಿದ್ದೇವೆ. ಎರಡು ಆಯಾಮದ ಬೈಟ್ ಅರೇ ತಪ್ಪಿ ಬಂದರೆ ಅದು ಎರಡು ಎಡ ಆವರಣ ಮತ್ತು ‘ಬಿ’ ಎಂದು ತೋರಿಸದೆ, ಕೋಡಿನಲ್ಲಿ ಬರೆಯುವ ರೂಪದಲ್ಲಿಯೇ ‘ಬೈಟ್[][]’ ಎಂದು ತೋರಿಸುತ್ತದೆ. ಬೈಟ್ ಅರೇಯೇ ಬಂದು ಒಳಗಿನ ಉದ್ದ ತಪ್ಪಿದ್ದರೆ ಮಾತ್ರ ಉದ್ದವನ್ನೂ ಮೊದಲ ಕೆಲವು ಬೈಟ್‌ಗಳನ್ನೂ ಜಾವಾ 17ರ ‘ಹೆಕ್ಸ್‌ಫಾರ್ಮ್ಯಾಟ್’ನಿಂದ ಹದಿನಾರರ ಲೆಕ್ಕದಲ್ಲಿ ಬರೆಸುತ್ತೇವೆ, ಯಾವ ತೋಟದ ಮಾಪಕ ಎಂಬುದು ಮೊದಲ ಬೈಟಿನಲ್ಲೇ ಇರುವುದರಿಂದ ಫೋನ್ ಮಾಡಿ ವಿಚಾರಿಸಲು ಅಷ್ಟು ಸಾಕಾಗುತ್ತದೆ.